ತಾಕ್ ಮೇಷ್ಟ್ರ ಮುದ್ರೆ

ಗುನ್ಸಾನ್ ಬಂದರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ತಾಕ್ ಗಿಹೋ ಹನ್ನೊಂದು ವರ್ಷಗಳಿಂದ ಕೊನೆಯ ತರಗತಿಯ ಮೇಷ್ಟ್ರಾಗಿದ್ದರು. ಕಲಿಸುತ್ತಿದ್ದುದು ಗಣಿತ. ಆದರೆ ಊರಿನವರು ಅವರನ್ನು ಗಣಿತಕ್ಕಾಗಿ ಗೌರವಿಸುತ್ತಿರಲಿಲ್ಲ. ಯಾವ ಹುಡುಗಿಗೆ ಯಾವ ಕಾಲೇಜು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಅವರು ಹೇಳಿದರೆ ಅದು ಹಾಗೆಯೇ ಆಗುತ್ತಿತ್ತು. ಮೀನುಪೇಟೆಯಲ್ಲಿ ಹೆಂಗಸರು, "ತಾಕ್ ಮೇಷ್ಟ್ರು ಆಗಲ್ಲ ಅಂದ್ರಾ? ಹಾಗಾದ್ರೆ ಆ ಕಾಲೇಜಿನ ಮಾತು ಬಿಟ್ಟು ಮೀನು ಕೊಯ್ಯಮ್ಮ" ಎನ್ನುತ್ತಿದ್ದರು.

ಅವರ ಬಳಿ ಕಪ್ಪು ರಟ್ಟಿನ ಒಂದು ದಪ್ಪ ನೋಟ್‌ಬುಕ್ ಇತ್ತು. ಹನ್ನೊಂದು ವರ್ಷಗಳಲ್ಲಿ ತಮ್ಮ ಕೈಕೆಳಗೆ ಓದಿದ ಪ್ರತಿ ಹುಡುಗಿಯ ಅಂಕ, ಅವಳು ಅರ್ಜಿ ಹಾಕಿದ ವಿಭಾಗ, ಸಿಕ್ಕಿತೋ ಇಲ್ಲವೋ ಎಂಬುದು ಅದರಲ್ಲಿತ್ತು. ಜೊತೆಗೆ ರಾಜಧಾನಿ ಸೋಲ್ ನಗರದ ದೊಡ್ಡ ವಿಶ್ವವಿದ್ಯಾಲಯದ ಪ್ರತಿ ವಿಭಾಗಕ್ಕೂ ಆಯಾ ವರ್ಷ ಸೇರಿದ ಕೊನೆಯವನ ಅಂಕ ಎಷ್ಟು ಎಂಬುದನ್ನು ಬೇರೆ ಊರಿನ ಮೇಷ್ಟ್ರುಗಳಿಂದ ಕೇಳಿ ತಿಳಿದು ಬರೆದಿಟ್ಟಿದ್ದರು. ಟ್ಯುಟೋರಿಯಲ್‌ಗಳವರು ಅಚ್ಚು ಹಾಕಿಸಿ ಹಂಚುತ್ತಿದ್ದ ಅಂದಾಜು ಪಟ್ಟಿಯನ್ನು ಅವರು ಊಟದ ಡಬ್ಬಿಯ ಕೆಳಗೆ ಹಾಸುತ್ತಿದ್ದರು.

ಎಂಬತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ಪರೀಕ್ಷೆ ಮೊದಲು, ಅರ್ಜಿ ಆಮೇಲೆ. ಮುನ್ನೂರ ನಲವತ್ತಕ್ಕೆ ಎಷ್ಟು ಬಂತು ಎಂದು ತಿಳಿದ ಮೇಲೆ ಒಂದೇ ವಿಶ್ವವಿದ್ಯಾಲಯಕ್ಕೆ, ಒಂದೇ ವಿಭಾಗಕ್ಕೆ ಅರ್ಜಿ ಹಾಕಬೇಕು. ತಪ್ಪಿದರೆ ಉಳಿಯುವುದು ಎರಡನೇ ಸುತ್ತಿನ ಸಣ್ಣ ಕಾಲೇಜುಗಳು. ಅರ್ಜಿಯ ಮೇಲೆ ತರಗತಿಯ ಮೇಷ್ಟ್ರ ಮುದ್ರೆ ಬೀಳದಿದ್ದರೆ ಅದು ಬರೀ ಕಾಗದ. ತಾಕ್ ಮೇಷ್ಟ್ರ ಮುದ್ರೆ ಕಿರುಬೆರಳಿನಷ್ಟು ದಪ್ಪದ ಕೋಡಿನದು. ಚಿಕ್ಕ ಚರ್ಮದ ಚೀಲದಲ್ಲಿ, ಕೋಟಿನ ಎಡಗಡೆಯ ಒಳಜೇಬಿನಲ್ಲಿ ಅದು ಸದಾ ಇರುತ್ತಿತ್ತು. ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋದಾಗಲೂ ಅದನ್ನು ಕಾಲುಚೀಲದೊಳಗೆ ತುರುಕಿ, ಬಟ್ಟೆಯ ಪೆಟ್ಟಿಗೆಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತಾರೆ ಎಂದು ರಸಾಯನಶಾಸ್ತ್ರದ ಸೊಲ್ ಮೇಷ್ಟ್ರು ಮೇಷ್ಟ್ರುಗಳ ಕೋಣೆಯಲ್ಲಿ ಆಡಿಕೊಂಡು ನಗುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಮಾ ಇನ್‌ಸುಕ್ ಎಂಬ ಹುಡುಗಿಗೆ ಮುನ್ನೂರ ಒಂದು ಅಂಕ ಬಂತು. ಶಾಲೆಗೇ ಮೊದಲು. ಅವಳು ಅಪ್ಪನನ್ನು ಕರೆದುಕೊಂಡು ಮೇಷ್ಟ್ರುಗಳ ಕೋಣೆಗೆ ಬಂದಳು. ಅಪ್ಪ ಮಾ ದೊಕ್ಸು ಪ್ಲೈವುಡ್ ಕಾರ್ಖಾನೆಯಲ್ಲಿ ಹಲಗೆಗೆ ಅಂಟು ಬಳಿಯುವ ಕೆಲಸದವನು. ಒಲೆಯ ಪಕ್ಕ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತ.

"ಎಲ್ಲಿಗೆ ಹಾಕ್ಬೇಕು ಅಂತಿದ್ದೀಯ?" ತಾಕ್ ಮೇಷ್ಟ್ರು ಕೇಳಿದರು.

"ಸೋಲ್‌ಗೆ. ಕಾನೂನಿಗೆ."

ಮೇಷ್ಟ್ರು ನೋಟ್‌ಬುಕ್ ಬಿಚ್ಚಿ ಅವಳ ಕಡೆ ತಿರುಗಿಸಿದರು. "ಹೋದ ವರ್ಷ ಕಾನೂನಿಗೆ ಕೊನೇಲಿ ಸೇರಿದವನಿಗೆ ಮುನ್ನೂರ ಹದಿನಾಲ್ಕು. ಅದರ ಹಿಂದಿನ ವರ್ಷ ಮುನ್ನೂರ ಹನ್ನೊಂದು. ನಿನಗೆಷ್ಟು?"

"ಮುನ್ನೂರ ಒಂದು."

"ಇನ್ನು ನಾನೇನು ಹೇಳ್ಲಿ? ಅದೇ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನ ಇದೆ. ಇನ್ನೂರ ಎಂಬತ್ತೆಂಟಕ್ಕೆ ನಿಂತಿದೆ. ಕಣ್ಣು ಮುಚ್ಕೊಂಡು ಹಾಕಿದ್ರೂ ನಿನಗೆ ಸಿಗತ್ತೆ."

"ಗೃಹವಿಜ್ಞಾನ ಓದಿ ನಾನೇನು ಮಾಡ್ಲಿ ಮೇಷ್ಟ್ರೇ?"

"ಕಾನೂನು ಓದಿ ಏನು ಮಾಡ್ತೀಯ?"

ಅವಳು ಒಂದು ಕ್ಷಣ ಅಪ್ಪನ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. "ಓದಿದವರ ಎದುರಿಗೆ ನಮ್ಮಪ್ಪ ಕೂತಿದ್ದನ್ನ ನಾನು ನೋಡಿಲ್ಲ. ನಿಂತೇ ಇರ್ತಾರೆ. ಕಾರ್ಖಾನೇಲೂ, ಠಾಣೇಲೂ, ಇಲ್ಲೂ."

ದೊಕ್ಸು ಮುಜುಗರದಿಂದ ನಕ್ಕ. "ಹುಡುಗು ಬುದ್ಧಿ. ನೀವು ಹೇಳಿದ ಹಾಗೇ ಆಗ್ಲಿ ಮೇಷ್ಟ್ರೇ. ನಮಗೇನು ಗೊತ್ತಾಗತ್ತೆ."

ಆಗ ಉಪಮುಖ್ಯೋಪಾಧ್ಯಾಯ ಬಾಂಗ್ ಬಾರ್ಲಿ ಚಹಾದ ಲೋಟ ಹಿಡಿದುಕೊಂಡು ಬಂದು ನಿಂತರು. ಪ್ರತಿ ವರ್ಷ ಶಾಲೆಯ ಗೇಟಿಗೆ ಬಿಳಿ ಬಟ್ಟೆ ಕಟ್ಟಿ ಸೋಲ್‌ನ ದೊಡ್ಡ ವಿಶ್ವವಿದ್ಯಾಲಯಕ್ಕೆ ಎಷ್ಟು ಜನ ಹೋದರು ಎಂದು ಕಪ್ಪಕ್ಷರದಲ್ಲಿ ಬರೆಸುವುದು ಅವರ ಕೆಲಸ. "ನೋಡಮ್ಮ, ಬಟ್ಟೆ ಮೇಲೆ ವಿಭಾಗ ಬರೆಯಲ್ಲ," ಎಂದರು. "ವಿಶ್ವವಿದ್ಯಾಲಯದ ಹೆಸರು, ಎಷ್ಟು ಜನ, ಅಷ್ಟೇ. ನಿನ್ನನ್ನೂ ಸೇರಿಸಿದ್ರೆ ಈ ಸಲ ಐದು."

"ಹಾಗಾದ್ರೆ ವಿಭಾಗದ ಜಾಗ ಖಾಲಿ ಬಿಟ್ಟು ಮುದ್ರೆ ಒತ್ತಿ ಕೊಡಿ," ಎಂದಳು ಇನ್‌ಸುಕ್ ತಾಕ್ ಮೇಷ್ಟ್ರಿಗೆ. "ಜೊನ್‌ಜು ಊರಿನ ಶಾಲೆಯವರು ಹಾಗೇ ಕೊಡ್ತಾರಂತೆ. ಕೊನೇ ದಿನ ಎಲ್ಲಿ ಜನ ಕಮ್ಮಿ ಅಂತ ನೋಡಿ ಅಲ್ಲೇ ಬರ್ಕೊಳ್ತಾರೆ."

"ಕುದುರೆ ಜೂಜು ಆಡೋರು ಹಾಗೆ ಮಾಡ್ತಾರೆ. ಖಾಲಿ ಕಾಗದಕ್ಕೆ ನಾನು ಮುದ್ರೆ ಒತ್ತಲ್ಲ."

ಅವರು ಅರ್ಜಿಯನ್ನು ಎಳೆದುಕೊಂಡು ತಮ್ಮ ದುಂಡಗಿನ ಅಕ್ಷರದಲ್ಲಿ 'ಗೃಹವಿಜ್ಞಾನ' ಎಂದು ಬರೆದು ಅಲ್ಲೇ ಮುದ್ರೆ ಒತ್ತಿದರು. ಇನ್‌ಸುಕ್ ಕೆಂಪು ಮಸಿ ಒಣಗುವ ತನಕ ಅದನ್ನೇ ನೋಡುತ್ತಿದ್ದಳು.

ಅರ್ಜಿಯ ಕೊನೆಯ ದಿನ ಅಪ್ಪ, ಮಗಳು, ತಾಕ್ ಮೇಷ್ಟ್ರು ಮೂವರೂ ಬೆಳಗಿನ ಬಸ್ಸು ಹಿಡಿದು ಸೋಲ್‌ಗೆ ಹೋದರು. ಯಾವ ವಿಭಾಗಕ್ಕೆ ಎಷ್ಟು ಅರ್ಜಿ ಬಿದ್ದಿದೆ ಎಂದು ನೋಡಿ ಫೋನ್ ಮಾಡಲು ಬಾಂಗ್ ಅವರೇ ತಾಕ್ ಮೇಷ್ಟ್ರನ್ನು ಜೊತೆಗೆ ಕಳಿಸಿದ್ದರು. ವಿಶ್ವವಿದ್ಯಾಲಯದ ವ್ಯಾಯಾಮ ಶಾಲೆಯಲ್ಲಿ ಸಾಲಾಗಿ ಮೇಜುಗಳು, ಎದುರಿನ ಗೋಡೆಯಲ್ಲಿ ದೊಡ್ಡ ಕರಿಹಲಗೆ. ಗಂಟೆಗೊಮ್ಮೆ ಒಬ್ಬ ಗುಮಾಸ್ತ ಏಣಿ ಹತ್ತಿ ಅಂಕಿ ಅಳಿಸಿ ಹೊಸದು ಬರೆಯುತ್ತಿದ್ದ. ಬಂದವರಲ್ಲಿ ಅರ್ಜಿ ಕೊಟ್ಟವರು ಕಡಿಮೆ. ಉಳಿದವರೆಲ್ಲ ಕೋಟಿನೊಳಗೆ ಕಾಗದ ಬಚ್ಚಿಟ್ಟುಕೊಂಡು ಕಂಬದ ಮರೆಯಲ್ಲಿ, ಮೆಟ್ಟಿಲ ಮೇಲೆ, ಹೊರಗೆ ಮೋಟಾರು ಆರಿಸದ ಕಾರುಗಳಲ್ಲಿ ಕಾಯುತ್ತಿದ್ದರು.

ಮೂರು ಗಂಟೆಗೆ ಕಾನೂನಿನ ಮುನ್ನೂರು ಸೀಟಿಗೆ ನೂರ ಅರವತ್ತು ಅರ್ಜಿ ಬಿದ್ದಿದ್ದವು. ಗೃಹವಿಜ್ಞಾನದ ಅರವತ್ತು ಸೀಟಿಗೆ ಐವತ್ತೆರಡು.

ಇನ್‌ಸುಕ್ ಆಗಲೇ ಗೃಹವಿಜ್ಞಾನದ ಮೇಜಿಗೆ ಹೋಗಿ ಕೊಟ್ಟುಬಿಡಬಹುದಿತ್ತು. ಅವಳು ಕೊಡಲಿಲ್ಲ. ಮೇಷ್ಟ್ರೂ ಅವಸರ ಮಾಡಲಿಲ್ಲ.

ನಾಲ್ಕು ಗಂಟೆಗೆ ಕಾನೂನಿಗೆ ನೂರ ತೊಂಬತ್ತು. ಗೃಹವಿಜ್ಞಾನಕ್ಕೆ ನೂರ ಹದಿನೈದು.

"ಮೇಷ್ಟ್ರೇ, ಹಲಗೆ ನೋಡಿ," ಎಂದಳು.

"ನೋಡಿದೆ."

"ಕಾನೂನಿಗೆ ಯಾರೂ ಹೋಗ್ತಿಲ್ಲ. ಎಲ್ಲರೂ ಹೆದರಿದ್ದಾರೆ. ಇದನ್ನ ಹೊಡೆದುಹಾಕಿ ಕಾನೂನು ಅಂತ ಬರೆದು ಪಕ್ಕದಲ್ಲಿ ಮುದ್ರೆ ಒತ್ತಿದ್ರೆ ತಗೋತಾರಂತೆ. ಮೇಜಿನವರನ್ನ ಕೇಳಿ ಬಂದೆ."

"ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತಿದ್ದೆ ನಾನು. ನಾಲ್ಕೂವರೆಗೆ ಇನ್ನೂರು ಇತ್ತು, ಐದಕ್ಕೆ ಒಂಬೈನೂರು ಆಯ್ತು. ಆ ಕಂಬದ ಹಿಂದೆ ನಿಂತಿರೋರೆಲ್ಲ ಏನಕ್ಕೆ ನಿಂತಿದ್ದಾರೆ ಅಂದ್ಕೊಂಡೆ?"

ಪಕ್ಕದಲ್ಲಿ ಹಳೆಯ ಮಿಲಿಟರಿ ಜಾಕೀಟು ತೊಟ್ಟ ಹುಡುಗನೊಬ್ಬ ಅಣ್ಣನಿಗೆ ಹೇಳುತ್ತಿದ್ದ: "ಹೇಗೂ ಬೀಳೋದೇ, ಬಿದ್ದು ಸೈನ್ಯಕ್ಕೆ ಹೋಗೋದೇ. ಕಾನೂನಿಗೇ ಹಾಕಿ ಬೀಳ್ತೀನಿ. ಬ್ಯಾರಕ್ಕಲ್ಲಿ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರತ್ತೆ." ಅಣ್ಣ ಅವನ ತಲೆಗೆ ಮೊಟಕಿದ. ಹುಡುಗ ನಗುತ್ತ ಕಾನೂನಿನ ಮೇಜಿಗೆ ಹೋಗಿ ಕಾಗದ ಕೊಟ್ಟು ಬಂದ.

ನಾಲ್ಕೂ ನಲವತ್ತಕ್ಕೆ ಇನ್‌ಸುಕ್ ಮತ್ತೆ ಕೇಳಿದಳು. "ಬಿದ್ರೆ ನಾನು ಬೀಳ್ತೀನಿ. ನಿಮ್ಮನ್ನ ದೂರಲ್ಲ. ಅಪ್ಪನೂ ದೂರಲ್ಲ. ಮುದ್ರೆ ಒತ್ತಿ ಮೇಷ್ಟ್ರೇ."

ತಾಕ್ ಮೇಷ್ಟ್ರು ಹಲಗೆ ನೋಡಿದರು. ಅವರ ಲೆಕ್ಕ ಹನ್ನೊಂದು ವರ್ಷದ್ದು. ಹತ್ತು ಅಂಕ ಕಡಿಮೆ ಇರುವವಳು ಕಾನೂನಿಗೆ ಸೇರಿದ ಒಂದು ಸಾಲೂ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅಂಥವಳ ಅರ್ಜಿಗೆ ಅವರು ಒಮ್ಮೆಯೂ ಮುದ್ರೆ ಒತ್ತಿರಲಿಲ್ಲ ಎಂಬುದು ಅವರಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಬಾಂಗ್ ಅವರ ಬಿಳಿ ಬಟ್ಟೆಯೂ ನೆನಪಾಯಿತು. ಯಾವುದು ಹೆಚ್ಚು ತೂಗಿತೆಂದು ಅವರು ತಮ್ಮನ್ನೇ ಕೇಳಿಕೊಳ್ಳಲಿಲ್ಲ. ವಾದ ಬೆಳೆಸುವಷ್ಟು ಸಮಯ ಇರಲಿಲ್ಲ. ಮುದ್ರೆ ಎಡ ಪಕ್ಕೆಗೆ ಒತ್ತುತ್ತಿತ್ತು.

"ಮುದ್ರೆ ತಂದಿಲ್ಲ," ಎಂದರು. "ಊರಲ್ಲಿದೆ. ಮೇಜಿನ ಡ್ರಾಯರಿನಲ್ಲಿ."

ಇನ್‌ಸುಕ್ ಅವರ ಮುಖವನ್ನೇ ನೋಡಿದಳು. ನಂಬಿದಳು. ಅನುಮಾನಿಸಲು ಅವಳಿಗೆ ಕಾರಣವಿರಲಿಲ್ಲ.

"ಹೋಗು ಮಗಾ, ಕೊಟ್ಟು ಬಾ," ಎಂದ ದೊಕ್ಸು. "ಮೇಷ್ಟ್ರಿಗೆ ಗೊತ್ತಿಲ್ದೇ ಇರತ್ತಾ?"

ಅವಳು ಗೃಹವಿಜ್ಞಾನದ ಸಾಲಿನ ತುದಿಗೆ ಹೋಗಿ ನಿಂತಳು. ಸಾಲು ಬಾಗಿಲ ತನಕ ಬೆಳೆದಿತ್ತು. ಹತ್ತು ನಿಮಿಷದಲ್ಲಿ ಕಂಬಗಳ ಮರೆಯಿಂದ, ಕಾರುಗಳಿಂದ ಜನ ನುಗ್ಗಿದರು. ತಾಕ್ ಮೇಷ್ಟ್ರು ಹೇಳಿದಂತೆಯೇ ನುಗ್ಗಿದರು. ಆದರೆ ಕಾನೂನಿನ ಕಡೆ ಹೋಗಲಿಲ್ಲ. ಎಲ್ಲರ ಮೇಷ್ಟ್ರ ಬಳಿಯೂ ಒಂದೊಂದು ನೋಟ್‌ಬುಕ್ ಇದ್ದಿರಬೇಕು. ಕಣ್ಣು ಮುಚ್ಚಿ ಹಾಕಿದರೂ ಸಿಗುವ ವಿಭಾಗಗಳ ಮುಂದೆಯೇ ಎಲ್ಲರೂ ಮುಗಿಬಿದ್ದರು. ಐದಕ್ಕೆ ಬಾಗಿಲು ಹಾಕಿದರು. ಗುಮಾಸ್ತ ಕೊನೆಯ ಸಲ ಏಣಿ ಹತ್ತಿದ. ಕಾನೂನು ಇನ್ನೂರ ಎಪ್ಪತ್ತೊಂದು. ಗೃಹವಿಜ್ಞಾನ ಇನ್ನೂರ ನಲವತ್ತು.

ದೊಕ್ಸುಗೆ ಹಲಗೆಯ ಅಂಕಿಗಳ ಅರ್ಥ ಆಗಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವನು ನಿದ್ದೆ ಮಾಡಿದ.

ಫಲಿತಾಂಶ ಬಂದಾಗ ಗೃಹವಿಜ್ಞಾನಕ್ಕೆ ಕೊನೆಯಲ್ಲಿ ಸೇರಿದವಳಿಗೆ ಮುನ್ನೂರ ಐದು ಅಂಕ ಇತ್ತು. ಇನ್‌ಸುಕ್‌ಗೆ ಸಿಗಲಿಲ್ಲ. ಕಾನೂನಿಗೆ ಅರ್ಜಿ ಹಾಕಿದ ಇನ್ನೂರ ಎಪ್ಪತ್ತೊಂದು ಜನರಿಗೂ ಸಿಕ್ಕಿತು. ಇನ್ನೂರ ಅರವತ್ತು ಅಂಕದವನೊಬ್ಬ ಸೇರಿದನಂತೆ ಎಂದು ಪತ್ರಿಕೆಗಳು ತಮಾಷೆಯಾಗಿ ಬರೆದವು. ಗೇಟಿನ ಬಟ್ಟೆಯ ಮೇಲೆ ನಾಲ್ಕು ಎಂದೇ ಬರೆಸಬೇಕಾಯಿತು.

"ದೇವರಿಗೂ ಗೊತ್ತಾಗ್ತಿರಲಿಲ್ಲ ಬಿಡಿ," ಎಂದು ಬಾಂಗ್ ಸಮಾಧಾನ ಹೇಳಿದರು. ಕೋಣೆಯಲ್ಲಿದ್ದ ಎಲ್ಲರೂ ಹೌದೆಂದರು. ತಾಕ್ ಮೇಷ್ಟ್ರ ಹೆಸರಿಗೆ ಒಂದು ಚೂರೂ ಕುಂದು ಬರಲಿಲ್ಲ.

ವಾರ ಕಳೆದ ಮೇಲೆ ದೊಕ್ಸು ಮಗಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಹುಲ್ಲಿನ ಹಗ್ಗಕ್ಕೆ ಪೋಣಿಸಿದ ಒಣಮೀನಿನ ಒಂದು ಸರ ಇತ್ತು.

"ಆವತ್ತು ಸೋಲ್ ತನಕ ಬಂದು ತೊಂದರೆ ತಗೊಂಡ್ರಿ," ಎಂದು ಸೊಂಟ ಬಗ್ಗಿಸಿದ. "ಅವಳ ಹಣೇಲಿ ಇರಲಿಲ್ಲ, ಏನು ಮಾಡೋದು. ಎರಡನೇ ಸುತ್ತಿನ ಅರ್ಜಿಯನ್ನೂ ನೀವೇ ಬರೆದುಕೊಡಿ ಮೇಷ್ಟ್ರೇ. ಎಲ್ಲಿ ಸಿಗತ್ತೆ ಅನ್ಸತ್ತೋ ಅಲ್ಲಿಗೆ ಹಾಕಿ."

ತಾಕ್ ಮೇಷ್ಟ್ರು ಪಕ್ಕದ ಊರಿನ ಒಂದು ಕಾಲೇಜಿನ ಹೆಸರು ಬರೆದರು. ಈ ಸಲ ವಿಭಾಗ ಯಾವುದು ಬೇಕೆಂದು ಇನ್‌ಸುಕ್‌ಳನ್ನು ಕೇಳಿದರು. ಯಾವುದಾದರೂ ಸರಿ ಎಂದಳು. ಅವರು ಏನೋ ಬರೆದರು. ಬರೆದು ಮುಗಿದ ಕೂಡಲೇ, ಸಾವಿರ ಸಲ ಮಾಡಿದಂತೆ, ಅವರ ಬಲಗೈ ಕೋಟಿನ ಎಡ ಒಳಜೇಬಿಗೆ ಹೋಗಿ ಚರ್ಮದ ಚೀಲವನ್ನು ಹೊರಗೆ ತೆಗೆಯಿತು.

ತೆಗೆದ ಮೇಲೆ ಕೈ ನಿಂತಿತು.

ಇನ್‌ಸುಕ್ ಚೀಲವನ್ನು ನೋಡಿದಳು. ಆಮೇಲೆ ಮೇಜಿನ ಡ್ರಾಯರನ್ನು ನೋಡಿದಳು. "ಅದು ಯಾವಾಗ್ಲೂ ಜೇಬಲ್ಲೇ ಇರತ್ತಾ ಮೇಷ್ಟ್ರೇ?"

ಒಲೆಯ ಮೇಲೆ ಊಟದ ಡಬ್ಬಿ ಬಿಸಿ ಮಾಡುತ್ತಿದ್ದ ಸೊಲ್ ಮೇಷ್ಟ್ರು ತಿರುಗಿ ನಕ್ಕರು. "ಜೇಬಲ್ಲಾ? ಸ್ನಾನದ ಮನೆಗೂ ಕರ್ಕೊಂಡು ಹೋಗ್ತಾರಮ್ಮ. ಹೆಂಡ್ತೀನ ಬಿಟ್ಟಿರ್ತಾರೆ, ಅದನ್ನ ಬಿಟ್ಟಿರಲ್ಲ."

ದೊಕ್ಸುವೂ ಮರ್ಯಾದೆಗೆ ನಕ್ಕ.

ಇನ್‌ಸುಕ್ ನಗಲಿಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ಅರ್ಜಿಯನ್ನು ಎತ್ತಿಕೊಂಡು, ಮುದ್ರೆ ಬೀಳದ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಒಲೆಯ ಮುಚ್ಚಳ ಸರಿಸಿ ಒಳಗೆ ಹಾಕಿದಳು. "ಅಪ್ಪ, ನಡೀರಿ," ಎಂದಳು.

"ಏನೇ ಇದು? ಮೇಷ್ಟ್ರೆದುರಿಗೆ? ಹುಚ್ಚು ಹಿಡೀತಾ ನಿನಗೆ?" ದೊಕ್ಸು ಗಾಬರಿಯಿಂದ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡು ಹೊರಟುಹೋದಳು. ಅವನು ಮೇಷ್ಟ್ರಿಗೆ ನಾಲ್ಕು ಸಲ ತಲೆ ಬಾಗಿಸಿ, ತಪ್ಪಾಯ್ತು, ಬೇಜಾರಲ್ಲಿದ್ದಾಳೆ ಎನ್ನುತ್ತ ಹಿಂದೆಯೇ ಓಡಿದ. ಮೀನಿನ ಸರ ಕುರ್ಚಿಯ ಮೇಲೆಯೇ ಉಳಿಯಿತು.

ಆ ದಿನದಿಂದ ತಾಕ್ ಮೇಷ್ಟ್ರು ದೊಕ್ಸುಗಾಗಿ ಕಾದರು. ಒಂದಲ್ಲ ಒಂದು ದಿನ ಮಗಳು ಹೇಳುತ್ತಾಳೆ, ಅವನು ಕುಡಿದು ಬಂದು ಗೇಟಿನ ಮುಂದೆ ಕೂಗುತ್ತಾನೆ ಎಂದುಕೊಂಡಿದ್ದರು. ಏನು ಉತ್ತರ ಕೊಡಬೇಕೆಂದು ತಯಾರಿ ಮಾಡಿಕೊಂಡಿದ್ದರು. ದೊಕ್ಸು ಬಂದ. ಮುಂದಿನ ಹೊಸ ವರ್ಷಕ್ಕೆ ಒಣಮೀನು ಹಿಡಿದುಕೊಂಡು ಬಂದ. ಅದರ ಮುಂದಿನ ವರ್ಷವೂ ಬಂದ. ಮಗಳು ಅವನಿಗೆ ಹೇಳಿಯೇ ಇರಲಿಲ್ಲ.

ಇನ್‌ಸುಕ್ ಅದೇ ಪ್ಲೈವುಡ್ ಕಾರ್ಖಾನೆಯ ಕಚೇರಿಯಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ದಾರಿಯಲ್ಲಿ ಮೇಷ್ಟ್ರು ಎದುರಾದರೆ ತಪ್ಪದೆ ತಲೆ ಬಾಗಿಸುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಇಂಚೋನ್ ಕಡೆ ಹೋದಳಂತೆ. ಆಮೇಲಿನದು ಮೇಷ್ಟ್ರಿಗೆ ತಿಳಿಯಲಿಲ್ಲ. ಅವರು ಕೇಳಲೂ ಇಲ್ಲ.

ನೋಟ್‌ಬುಕ್ಕಿನಲ್ಲಿ ಆ ವರ್ಷದ ಕಾನೂನಿನ ಜಾಗವನ್ನು ಅವರು ತುಂಬಲಿಲ್ಲ. ಇಡೀ ಪುಸ್ತಕದಲ್ಲಿ ಖಾಲಿ ಇರುವುದು ಅದೊಂದೇ. ಇನ್ನೂ ಹದಿನಾಲ್ಕು ವರ್ಷ ಅವರು ಕೊನೆಯ ತರಗತಿಯನ್ನೇ ನೋಡಿಕೊಂಡರು. ಖಾಲಿ ಅರ್ಜಿಗೆ ಮುದ್ರೆ ಒತ್ತಲಿಲ್ಲ. ನಿವೃತ್ತಿಯ ದಿನ ನೋಟ್‌ಬುಕ್ಕನ್ನು ತಮ್ಮ ಜಾಗಕ್ಕೆ ಬಂದ ಹೊಸ ಮೇಷ್ಟ್ರಿಗೆ ಕೊಟ್ಟರು. ಅವನು ಪುಟ ತಿರುವಿ ಖಾಲಿ ಜಾಗ ಕಂಡು, "ಇದೊಂದು ವರ್ಷದ ಲೆಕ್ಕ ಸಿಗಲಿಲ್ವಾ ಮೇಷ್ಟ್ರೇ?" ಎಂದು ಕೇಳಿದ. ಸಿಗಲಿಲ್ಲ ಎಂದರು. ಅವನು ಹಿಂದಿನ, ಮುಂದಿನ ವರ್ಷಗಳ ಅಂಕ ಕೂಡಿಸಿ ಎರಡರಿಂದ ಭಾಗಿಸಿ ಪೆನ್ಸಿಲ್ಲಿನಲ್ಲಿ ಮುನ್ನೂರ ಹದಿಮೂರು ಎಂದು ಬರೆದ. ಅವರು ನೋಡುತ್ತ ಕೂತಿದ್ದರು.

ಸಮಾರಂಭಕ್ಕೆ ದೊಕ್ಸುವೂ ಬಂದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಟಿನ ಕೆಲಸದಿಂದ ಬೆರಳುಗಳ ಚರ್ಮ ಸುಲಿದುಹೋಗಿತ್ತು. ಕೈಯಲ್ಲಿ ಮೀನಿನ ಸರ. ಭಾಷಣಗಳೆಲ್ಲ ಮುಗಿದ ಮೇಲೆ ತಾಕ್ ಮೇಷ್ಟ್ರು ತಮ್ಮ ಪಕ್ಕದ ಕುರ್ಚಿಯನ್ನು ಎಳೆದು ಅವನ ಕಡೆ ತಳ್ಳಿದರು.

"ಕೂತ್ಕೊಳ್ಳಿ."

"ಪರವಾಗಿಲ್ಲ ಮೇಷ್ಟ್ರೇ."

"ಕೂತ್ಕೊಳ್ಳಿ ಅಂದೆ."

"ನೀವು ಕೂತಿದ್ದೀರಲ್ಲ, ಸಾಕು," ಎಂದು ದೊಕ್ಸು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತುಕೊಂಡ.