ಪತ್ರಿ ಗಿಡದ ಬೇರು

ಪೂಜೆಯ ನೀರು ಯಾರ ಕಾಲಿಗೂ ಸಿಗಬಾರದೆಂದು ಬನಹಟ್ಟಿಯ ಗಂಗಾಂಬಿಕಾ ಪಕ್ಕದ ಮನೆಯ ಗೋಡೆಗೆ ಅಂಟಿದಂತೆ ಬಿಲ್ವಪತ್ರಿ ಗಿಡ ನೆಟ್ಟು, ದಿನವೂ ಅದರ ಬುಡಕ್ಕೇ ಸುರಿಯುತ್ತಿದ್ದಳು. ಗಿಡ ಮರವಾಯಿತು. ಬೇರು ಆ ಗೋಡೆಯಡಿ ಹೊಕ್ಕಿದ್ದನ್ನು ಹೋದ ವರ್ಷವೇ ಕಂಡಳು. ಶಿವನ ಗಿಡಕ್ಕೆ ಕೊಡಲಿ ಹಾಕುವುದು ಹೇಗೆಂದು ಮಣ್ಣು ಮುಚ್ಚಿ ಸುಮ್ಮನಾದಳು.

ಈ ಸೋಮವಾರ ಪಕ್ಕದ ಮನೆಯ ಮುದಕವ್ವ ಎಂದಿನಂತೆ ಬುಟ್ಟಿ ಹಿಡಿದು ಬಂದು, ಪತ್ರಿ ಎಲೆ ಹರಿಯುತ್ತ ಹೇಳಿದಳು:

"ನಮ್ಮ ಗ್ವಾಡಿ ಬಿರುಕು ಬಿಟ್ಟೈತಿ ಬೇ. ಮಗ್ಗದ ಹೊಡತಕ್ಕ ಹಿಂಗಾತಂತ ನನ್ನ ಮಗ ಮಗ್ಗಾನ ಬಂದ್ ಮಾಡ್ಯಾನ. ಶಿವಗ ನಿನ್ನ ಪತ್ರಿ ಏರಿಸಿ ಬೇಡಕೋತೀನಿ."

ಗಂಗಾಂಬಿಕಾ ಬಗ್ಗಿ ಬುಡದ ಮಣ್ಣು ಸರಿಸಿ, ಗೋಡೆಯಡಿ ಹೊಕ್ಕ ಬೇರು ತೋರಿಸಿದಳು.

"ಮಗ್ಗದ್ದಲ್ರಿ ಯವ್ವಾ, ತಪ್ಪು ನಂದು. ಹ್ವಾದ ವರ್ಷನ ನೋಡಿ ಮುಚ್ಚಿದ್ದೆ. ಗಿಡ ಇವತ್ತ ಕಡಸ್ತೀನಿ."

ಮುದಕವ್ವ ಬೇರನ್ನೇ ನೋಡುತ್ತ ನಿಂತಳು. ಆಮೇಲೆ ಬುಟ್ಟಿಯ ಎಲೆಗಳನ್ನೆಲ್ಲ ಅಲ್ಲೇ ಸುರಿದು, ಖಾಲಿ ಬುಟ್ಟಿ ಹಿಡಿದು ಮನೆಗೆ ಹೊರಟುಹೋದಳು.