ಬದುವಿನ ಮೇಲೆ ಕುಳಿತು ಓದುವವಳಿಗೂ ಒಂದು ಪಾಲು

ಕಂಪ್ಲಿ ಬಳಿಯ ಮೆಟ್ರಿ ಊರಿನ ಗದ್ದೆಗಳ ಮೇಲೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಹೆಂಗಸರು ಕೆಸರುಗದ್ದೆಯ ಮಡಿಯಲ್ಲಿ ಸಾಲಾಗಿ ಬಗ್ಗಿ ನಿಂತಿದ್ದಾರೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿದೆ. ಸಾಲಿನ ನಡುವೆ ಇರುವ ದುರುಗವ್ವ ಸಸಿಕಟ್ಟು ಬಿಚ್ಚುತ್ತಾ, ತಲೆಯೆತ್ತದೆ ಕೂಗುತ್ತಾರೆ.

"ಲೇ ತಾಯಕ್ಕ, ಕೈ ತೊಳ್ಕಂಡೇನು? ಹಂಗಾರ ಸುರು ಮಾಡು ನಮ್ಮವ್ವ."

ಹೆಂಗಸರ ಬೆನ್ನ ಹಿಂದಿನ ಬದುವಿನ ಮೇಲೆ ಕುಳಿತ ಹುಡುಗಿ ಪುಸ್ತಕ ತೆರೆಯುತ್ತಾಳೆ. ಆರನೇ ತರಗತಿಯ ತಾಯಕ್ಕನಿಗೆ ಇದೇ ಕೂಲಿ ಕೆಲಸ. ಅವಳು ಕೆಸರಿಗೆ ಇಳಿಯುವಂತಿಲ್ಲ, ಸಸಿ ಮುಟ್ಟುವಂತಿಲ್ಲ. ಗಟ್ಟಿಯಾಗಿ ಓದಬೇಕು, ಅಷ್ಟೆ. ಶಾಲೆಯ ಹೊತ್ತಾದ ಕೂಡಲೇ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬದುವಿನಗುಂಟ ಓಡುತ್ತಾಳೆ. ನಾಟಿ ಇಲ್ಲಿ ಎಕರೆ ಲೆಕ್ಕದ ಗುತ್ತಿಗೆ. ಬಂದ ಕೂಲಿಯನ್ನು ಗುಂಪಿನವರೆಲ್ಲ ಸಮನಾಗಿ ಹಂಚಿಕೊಳ್ಳುವುದು ರೂಢಿ. ದುರುಗವ್ವನ ಗುಂಪಿನಲ್ಲಿ ಓದುವವಳಿಗೂ ಒಂದು ಪಾಲು ಇದೆ. ಅವಳ ಪಾಲಿನ ಸಸಿಯನ್ನು ಉಳಿದವರು ಹಚ್ಚುತ್ತಾರೆ.

ಕಾಲುವೆ ಬಂದ ಮೇಲೆ ಈ ಸೀಮೆಗೆ ಎರಡು ಬೆಳೆ ಬಂತು, ಹಂಚಿನ ಮನೆ ಬಂತು, ಟ್ರ್ಯಾಕ್ಟರ್ ಬಂತು. ನಾಟಿಯೂ ವರ್ಷಕ್ಕೆ ಎರಡು ಸಲ ಬಂತು. ಒಮ್ಮೆ ನಾಟಿಗೆಂದು ಶಾಲೆ ಬಿಟ್ಟ ಹುಡುಗಿಯರು ಮತ್ತೆ ಆ ಕಡೆ ಹೋಗುವುದು ಕಡಿಮೆ. ದುರುಗವ್ವನ ಮಗಳು ಹೊಳೆಮ್ಮನೂ ಹಾಗೆಯೇ ಬಿಟ್ಟವಳು. ಗಾದಿಗನೂರಿಗೆ ಮದುವೆಯಾಗಿ ಹೋದ ಅವಳು ತನ್ನ ಕೂಸು ಪುಸ್ತಕ ತಂದು ತೊಡೆಯ ಮೇಲಿಟ್ಟಾಗ ಏನು ಮಾಡಿದಳೆಂದು ದುರುಗವ್ವ ಹೇಳುತ್ತಾರೆ.

"ಸುಮ್ನ ಹಾಳಿ ತಿರುವಿದ್ಲುರಿ. 'ಯವ್ವಾ, ನನಗ ಎಲ್ಲಾ ಮರ್ತು ಹೋಗೈತಿ' ಅಂದ್ಲು. ಆಕೀನ ಗದ್ದಿಗೆ ಕರ್ಕಂಡು ಬಂದಾಕಿ ನಾನs ಅಲ್ಲೇನ್ರಿ?"

ಹೊಳೆಮ್ಮ ಹಾಗೆ ಅಂದ ವರ್ಷದ ನಾಟಿಗೆ ಗುಂಪಿನ ಹುಡುಗಿಯೊಬ್ಬಳು ಪರೀಕ್ಷೆಯ ಪುಸ್ತಕ ಹಿಡಿದುಕೊಂಡೇ ಗದ್ದೆಗೆ ಬಂದಿದ್ದಳು. ದುರುಗವ್ವ ಅವಳನ್ನು ಬದುವಿನ ಮೇಲೆ ಕೂರಿಸಿದರು. ಓದುವುದನ್ನು ಕೇಳುತ್ತಾ ಕೇಳುತ್ತಾ ಮಡಿ ಮುಗಿದದ್ದೇ ಹೆಂಗಸರಿಗೆ ತಿಳಿಯಲಿಲ್ಲ. "ಪುಣ್ಯದ ಕೆಲಸ ಅಂತ ಬರೀಬ್ಯಾಡ್ರಿ ಮತ್ತ. ಕಥಿ ಕೇಳಿದ್ರ ಸೊಂಟ ನೋಯಾಂಗಿಲ್ಲ" ಎಂದು ದುರುಗವ್ವ ನನ್ನನ್ನು ಮೊದಲೇ ಎಚ್ಚರಿಸುತ್ತಾರೆ.

ಪುಸ್ತಕ ಬರುವುದು ಶಾಲೆಯ ಬೀರುವಿನಿಂದ. ಬೀಗ ಹಾಕಿದ್ದ ಬೀರುವನ್ನು ತೆಗೆಸಲು ದುರುಗವ್ವ ಹೆಡ್‌ಮಾಸ್ತರ್ ಮರುಳಸಿದ್ದಪ್ಪನವರ ಬೆನ್ನು ಬಿದ್ದಿದ್ದರಂತೆ. "ಪುಸ್ತಕಕ್ಕೆ ಕೆಸರಾದೀತು ಅಂತ ಹೆದರಿದ್ದೆ. ಈಗ ತಾಯಕ್ಕ ತರಗತಿಯಲ್ಲಿ ಓದಿದರೆ ಪಕ್ಕದ ಕೋಣೆಯ ಮಕ್ಕಳೂ ಪಾಠ ಬಿಟ್ಟು ಕಿವಿ ಕೊಡುತ್ತಾರೆ, ನನಗೆ ಅದೇ ತಾಪತ್ರಯ" ಎಂದು ಮಾಸ್ತರರು ನಗುತ್ತಾರೆ. ಮನೆಯಲ್ಲೂ ಅಷ್ಟೇ. ಬೆಳಿಗ್ಗೆ ತಡವರಿಸಿದರೆ ಗದ್ದೆಯ ಹೆಂಗಸರು ಬಿಡುವುದಿಲ್ಲವಲ್ಲ, ಹಾಗಾಗಿ ತಾಯಕ್ಕ ಹಿಂದಿನ ಸಂಜೆಯೇ ಒಲೆಯ ಮುಂದೆ ಕುಳಿತು ಓದಿ ನೋಡಿಕೊಳ್ಳುತ್ತಾಳೆ. ಅಪ್ಪ ಪಾಲಪ್ಪ ಬೀಡಿ ಆರಿಸಿ ಕೇಳುತ್ತಾನೆ.

ಈ ಸಲದ ನಾಟಿಯಲ್ಲಿ ಮಾತ್ರ ಎಲ್ಲವೂ ಕೈತಪ್ಪಿ ಹೋಗುವುದರಲ್ಲಿತ್ತು. ನಾಟಿ ಮಾಡುವವರು ಸಸಿ ಊರುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಕು. ಒಂದು ಬೆಳಿಗ್ಗೆ ತಾಯಕ್ಕ ಓದುತ್ತಿದ್ದ ಕಥೆಯಲ್ಲಿ ಮೇಕೆಮರಿ ಎತ್ತಲು ಬಾವಿಗಿಳಿದ ಹುಡುಗನೊಬ್ಬನ ಹಗ್ಗ ಎಳೆ ಎಳೆಯಾಗಿ ಹರಿಯುತ್ತಿತ್ತು. ಹೆಂಗಸರು ಹೆಜ್ಜೆ ಇಡುವುದನ್ನೇ ಮರೆತರು. ಕೈಗಳು ಮಾತ್ರ ಇದ್ದಲ್ಲೇ ಸಸಿ ಊರುತ್ತಲೇ ಇದ್ದವು. ಹುಡುಗ ಮೇಲೆ ಬರುವ ಹೊತ್ತಿಗೆ ಮಡಿಯ ನಡುವೆ ಹುಲ್ಲಿನ ಹಾಗೆ ಒತ್ತೊತ್ತಾಗಿ ನೆಲ್ಲು ನಿಂತಿತ್ತು. ಉಳಿದ ಕಡೆಗೆ ಸಸಿಯೇ ಸಾಲದೆ ಗದ್ದೆ ಬಣಬಣ ಅನ್ನುತ್ತಿತ್ತು.

ಗದ್ದೆಯ ಧಣಿ ಗವಿಸಿದ್ದಪ್ಪ ಕೆಂಡಾಮಂಡಲವಾದರು. "ನಾಳಿಂದ ಕಥಿ ಬಂದ್! ಇಲ್ಲಾಂದ್ರ ಬುಕ್ಕಸಾಗರದ ಆಳು ಕರಸ್ತೀನಿ" ಎಂದುಬಿಟ್ಟರು. ಸಸಿಕಟ್ಟು ಹೊರುತ್ತಿದ್ದ ಪಾಲಪ್ಪನೂ ತಲೆಯ ಹೊರೆ ಇಳಿಸಿ ಮಗಳಿಗೆ, "ಹಂಗಾರ ಸಾಲಿ ಬಿಟ್ಟು ನೀನೂ ಇಳಿಯವ್ವ. ದಿನಾ ಪೂರ್ತಿ ಹಚ್ಚಿದ್ರನs ಪಾಲು" ಎಂದ. ತಾಯಕ್ಕ ಪುಸ್ತಕ ಮುಚ್ಚಿ ಲಂಗ ಮೇಲಕ್ಕೆ ಸಿಕ್ಕಿಸತೊಡಗಿದಳು.

"ಏ, ಇಳೀಬ್ಯಾಡ! ಅಲ್ಲೇ ಕುಂದ್ರು!" ಎಂದು ದುರುಗವ್ವ ಕೂಗಿದ ಕೂಗನ್ನು ಗುಂಪಿನವರು ಈಗಲೂ ಅಣಕಿಸಿ ತೋರಿಸುತ್ತಾರೆ. ಆ ಸಂಜೆ ಹೆಂಗಸರೆಲ್ಲ ಪುಕ್ಕಟೆಯಾಗಿ ಮಡಿಗಿಳಿದು, ಒತ್ತಾದ ಸಸಿ ಕಿತ್ತು ಖಾಲಿ ಜಾಗಕ್ಕೆ ಹಚ್ಚಿಕೊಟ್ಟರು. ಆಮೇಲೆ ದುರುಗವ್ವ ಧಣಿಯ ಮುಂದೆ ನಿಂತು ಹೊಸ ಕಟ್ಟಳೆ ಹೇಳಿದರು.

"ಕಥಿ ಬಿಗಿ ಆದಲ್ಲಿ ಹುಡುಗಿ ನಿಂದ್ರಸ್ತಾಳ್ರಿ. ನಮ್ಮ ಹಿಮ್ಮಡ ಬದುವಿಗೆ ತಾಗಿದ ಮ್ಯಾಲನs ಮುಂದಿಂದು ಓದ್ತಾಳ. ಒಂದ್ ದಿನ ನೋಡ್ರಿ ಧಣೇರ, ಆಮ್ಯಾಲ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

ಮರುದಿನ ನಾನೂ ಅಲ್ಲಿದ್ದೆ. ಕಥೆಯಲ್ಲಿ ಹುಲಿ ಬಂದು ಮನೆಯ ಬಾಗಿಲು ಕೆರೆಯುವಲ್ಲಿಗೆ ತಾಯಕ್ಕ ಟಪ್ಪನೆ ಪುಸ್ತಕ ಮುಚ್ಚಿದಳು. "ಅಯ್ಯ ಇವಳ!" ಎಂದು ಬೈಯುತ್ತಲೇ ಹೆಂಗಸರು ಹಿಂದಕ್ಕೆ ಹಿಂದಕ್ಕೆ ಬಂದ ವೇಗಕ್ಕೆ ಕೆಸರು ಕೊಪ್ಪೆಯವರೆಗೂ ಸಿಡಿಯಿತು. ಧಣಿ ನಡುನಡುವೆ ಬಗ್ಗಿ ಸಾಲು ನೋಡಿದರು. ತಪ್ಪು ಸಿಗಲಿಲ್ಲ. ಹೊರಟವರು ಬದುವಿನ ತುದಿಯಲ್ಲಿ ನಿಂತು, "ಹುಲಿ ಒಳಗ ಬಂತೇನು?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ.

ಊರಲ್ಲಿ ಈಗ ದೊಡ್ಡವರಿಗೂ ಸಂಜೆಯ ಸಾಕ್ಷರತಾ ತರಗತಿ ಶುರುವಾಗಿದೆ. ಮರುಳಸಿದ್ದಪ್ಪನವರು ಪಾಟಿ ಹಿಡಿದು ಮನೆಗೇ ಬಂದು ಕರೆದರೂ ದುರುಗವ್ವ ಹೋಗುತ್ತಿಲ್ಲ. ಇಷ್ಟು ಪುಸ್ತಕ ಕೇಳಿದ ಜೀವ ತಾನೇ ಓದಲು ಕಲಿಯಬಾರದೇ ಎಂದು ನನಗೆ ಬೇಸರವಾಗಿ, ಸ್ವಲ್ಪ ಜೋರಾಗಿಯೇ ಕೇಳುತ್ತೇನೆ. ಅವರು ಸೆರಗಿನಿಂದ ಮುಖದ ಕೆಸರು ಒರೆಸಿಕೊಳ್ಳುತ್ತಾರೆ. ಶಾಲೆಯ ಕಡೆ ಓಡುತ್ತಿರುವ ತಾಯಕ್ಕನನ್ನು ಅವಳು ಮರೆಯಾಗುವವರೆಗೂ ನೋಡುತ್ತಾರೆ.

"ಕಲಿಯಾಕ ಆಸಿ ಇಲ್ಲಂತಲ್ರಿ. ನಾವೆಲ್ಲ ಕಲ್ತ್ರ, ಓದಾಕ ಬ್ಯಾರೆ ಹುಡುಗಿ ಯಾಕ ಬೇಕು ಅಂತ ಧಣೇರು ಕೇಳ್ತಾರ, ಪಾಲಪ್ಪನೂ ಕೇಳ್ತಾನ. ಆಗ ನಾನೇನ್ ಹೇಳ್ಲಿ? ಆಕಿ ಕಂಪ್ಲಿ ಹೈಸ್ಕೂಲ್ ಮುಗಸ್ಲಿ, ಆಮ್ಯಾಲ ನೋಡೂಣು. ಅಲ್ಲಿತನ ದುರುಗವ್ವಗ ಓದಾಕ ಬರಂಗಿಲ್ಲ ಅಂತನs ಬರ್ಕಳ್ರಿ."