ಪಶ್ಚಿಮಕ್ಕೆ ಬಿಟ್ಟ ಅರ್ಘ್ಯ

ಇವತ್ತು ನಸುಕಿನಲ್ಲಿ ಮನೆಯ ಮೇಲಿನ ಗಚ್ಚಿಗೆ ಹೋದಾಗ ಹುಣ್ಣಿಮೆಯ ಚಂದ್ರ ಮುಳುಗುತ್ತಿದ್ದ. ಕೆಂಪಗಿದ್ದ, ಅದುಮಿದಂತೆ ಚಪ್ಪಟೆಯಾಗಿದ್ದ. ನೆಲದ ಹತ್ತಿರದ ದಟ್ಟ ಗಾಳಿ ಬೆಳಕನ್ನು ಬಗ್ಗಿಸಿ, ಚದುರಿಸಿ ಹಾಗೆ ಕಾಣುವಂತೆ ಮಾಡುತ್ತದಂತೆ. ಧೂಳು, ಹೊಗೆ ಸೇರಿದರೆ ಕೆಂಪು ಇನ್ನೂ ಗಾಢ.

ನಾನು ಚಿಕ್ಕವಳಿದ್ದಾಗ, ನಮ್ಮ ಸೋದರತ್ತೆಯನ್ನು ನೋಡಲು ವರನ ತಂದೆ ಗರಗದಿಂದ ಚಕ್ಕಡಿಯಲ್ಲಿ ಧಾರವಾಡದ ನಮ್ಮ ಮನೆಗೆ ಬಂದರು. ತಲುಪುವಾಗ ಕತ್ತಲಾಗಿತ್ತು. ಹೆಣ್ಣು ನೋಡುವುದು ಬೆಳಿಗ್ಗೆ ಎಂದಾಯಿತು.

ನಸುಕಿನಲ್ಲಿ ಅವರು ಸ್ನಾನ ಮುಗಿಸಿ ಹಿತ್ತಲಿಗೆ ಬಂದರು. ಬಚ್ಚಲೊಲೆಗಳ ಹೊಗೆ ಓಣಿಯ ಮೇಲೆ ಹರಡಿತ್ತು. ಅದರಾಚೆ ಕೆಂಪು ಬಿಂಬ.

"ಅಯ್ಯ, ಸೂರ್ಯ ಹುಟ್ಟೇಬಿಟ್ಟಾನಲ್ಲ!" ಎಂದು ಗಡಬಡಿಸಿ ಚಂದ್ರನಿಗೇ ಅರ್ಘ್ಯ ಬಿಟ್ಟರು.

ಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು. "ನಕ್ಕಿ ಅಂದ್ರ ಸಂಬಂಧ ತಪ್ಪತದ," ಎಂದು ಅಜ್ಜಿ ಪಿಸುಗುಟ್ಟಿದಳು.

ಅಜ್ಜ ತಂಬಿಗೆ ಹಿಡಿದು ಹೋಗಿ, ಅವರ ಪಕ್ಕದಲ್ಲೇ ನಿಂತು, ತಾನೂ ಪಶ್ಚಿಮಕ್ಕೆ ಅರ್ಘ್ಯ ಬಿಟ್ಟ.

ಬಿಂಬ ಮೇಲೇರಲಿಲ್ಲ, ಕೆಳಗಿಳಿಯಿತು. ಬೆನ್ನ ಹಿಂದೆ ಬೆಳಕು ಮೂಡಿತು. ವರನ ತಂದೆ ತಿರುಗಿ ನೋಡಿದರು.

"ಇಬ್ರೂ ತಪ್ಪಿದಿವಿ ನೋಡ್ರಿ. ಬರ್ರಿ, ಇನ್ನೊಮ್ಮೆ ಬಿಡೂಣ," ಎಂದ ಅಜ್ಜ, ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದವನು.

ಅವರು ಅಜ್ಜನ ಮುಖವನ್ನೇ ನೋಡಿದರು. "ಇನ್ನ ಹೆಣ್ಣು ನೋಡೂದು ಬ್ಯಾಡ್ರಿ. ಮನಿ ನೋಡಿದೆ," ಎಂದರು.

ಇವತ್ತು ನಾನು ಮೊದಲು ಚಂದ್ರನಿಗೆ ಕೈಮುಗಿದು, ಆಮೇಲೆ ಪೂರ್ವಕ್ಕೆ ತಿರುಗಿದೆ.